ಹೊಸ ಕೋವಿ 'ಟಿಕ್' ಅಂದ್ರೆ ಯಾರನ್ನ ಕೇಳೋದು?

ಹೊಸ ಮಿಕ್ಸಿ ಕೆಟ್ಟರೆ ಬಿಲ್ ಹಿಡ್ಕೊಂಡು ಅಂಗಡಿಗೆ ಹೋಗ್ತೀವಿ. ಮೊಬೈಲ್ ಕೆಟ್ಟರೆ ಸರ್ವಿಸ್ ಸೆಂಟರ್ ಇದೆ. ಅಡಿಕೆ ಸುಲಿಯೋ ಮೆಷಿನ್ ನಿಂತರೆ ಮೆಕ್ಯಾನಿಕ್ ಬೈಕ್ ಹತ್ತಿ ಮನೆ ಬಾಗಿಲಿಗೇ ಬರ್ತಾನೆ. ಆದರೆ ಡಿಸಿ ಆಫೀಸಿಗೆ ಅಲೆದು ಲೈಸೆನ್ಸ್ ಮಾಡಿಸಿ, ಹತ್ತಾರು ಸಾವಿರ ಸುರಿದು ತಂದ ಹೊಸ ಕೋವಿ ಮೊದಲ ತಿಂಗಳಲ್ಲೇ ಕೈಕೊಟ್ಟರೆ ಎಲ್ಲಿಗೆ ಹೋಗಬೇಕು? ಮಲೆನಾಡಿನ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಸಿಗೋದು ಕಷ್ಟ.

ಕೊಪ್ಪ ಕಡೆಯ ಒಬ್ಬ ಅಡಿಕೆ ಬೆಳೆಗಾರರ ವಿಷಯ ತಗೊಳ್ಳಿ. ಹೆಸರು ಹಾಕೋದು ಬೇಡ ಅಂದಿದ್ದಾರೆ, ಅಂಗಡಿಯ ಹೆಸರೂ ಬೇಡ. ತಂದೆ ತೀರಿಕೊಂಡ ಮೇಲೆ ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳೋಕೆ ಒಂದೂವರೆ ವರ್ಷ ಓಡಾಡಿದರು. ಆಮೇಲೆ ಜೋಡಿ ನಳಿಗೆಯ ಹೊಸ 12 ಬೋರ್ ಕೋವಿ ತಂದರು. ಹಂದಿ ಓಡಿಸೋಕೆ ಅಂತ ಬೇರೆ ಬೇರೆ ರಾತ್ರಿ ಒಟ್ಟು 10 ತೋಟೆ ಹಾಕಿದ್ದಾರೆ. ಬಲ ನಳಿಗೆಗೆ ಹಾಕಿದ 5 ತೋಟೆಗಳೂ ಹಾರಿದವು. ಎಡ ನಳಿಗೆಯದ್ದು 5ರಲ್ಲಿ 4 'ಟಿಕ್' ಅಂದು ಸುಮ್ಮನಾದವು. ಅಂಗಡಿಯವರನ್ನ ಕೇಳಿದರೆ "ತೋಟೆಗೆ ಥಂಡಿ ಹಿಡಿದಿರಬೇಕು ಸಾರ್" ಅಂದರು. ಕಂಪನಿಗೆ ಫೋನ್ ಮಾಡಿದರೆ "ಅಂಗಡಿ ಮೂಲಕವೇ ಕಳಿಸಿ" ಅಂದರು. ಕೋವಿ ಈಗ ಬೀರುವಿನಲ್ಲಿದೆ, ಹಂದಿ ತೋಟದಲ್ಲಿದೆ.

ಥಂಡಿ ಹಿಡಿದ ತೋಟೆ ಎಡ ಬಲ ನೋಡಿಕೊಂಡು ಕೈಕೊಡುತ್ತಾ? ನೀವೇ ಹೇಳಿ.

ಇದು ಬೇಟೆ ಕೋವಿ ಅಲ್ಲ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಊರಲ್ಲಿ ಎಲ್ಲರೂ 'ಬೇಟೆ ಕೋವಿ' ಅಂತಲೇ ಕರೀತಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದು ಅಪರಾಧ. ಲೈಸೆನ್ಸ್ ಕೊಡೋದು ಬೆಳೆ ರಕ್ಷಣೆಗೆ ಅಥವಾ ಆತ್ಮರಕ್ಷಣೆಗೆ. ಕೋವಿಗೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹಂದಿಗೆ ಈಡು ಹೊಡೆಯೋಕೆ ಪರವಾನಗಿ ಸಿಕ್ಕಿತು ಅಂತ ಅಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇರೆಯೇ ಬೇಕು. ಆನೆ, ಕಾಟಿ ಅಂತೂ ಮೊದಲನೇ ಶೆಡ್ಯೂಲಿನ ಪ್ರಾಣಿಗಳು.

ಹಾಗಾಗಿ ಬಹಳಷ್ಟು ಬೆಳೆಗಾರರಿಗೆ ಬೇಕಾಗಿರೋದು ಸದ್ದು. ರಾತ್ರಿ ಗದ್ದೆಗೆ ಹಂದಿ ಹಿಂಡು ಇಳಿದಾಗ ಆಕಾಶಕ್ಕೆ ಒಂದು ಈಡು ಹೊಡೆದರೆ ಅವತ್ತಿಗೆ ಬೆಳೆ ಉಳೀತದೆ. ಆ ಸದ್ದೇ ಬರದಿದ್ದರೆ ಕೋವಿಗೂ ಒನಕೆಗೂ ವ್ಯತ್ಯಾಸ ಏನು?

ಇನ್ನು ರೈಫಲ್ ವಿಷಯ. ಬೆಳೆ ರಕ್ಷಣೆಗೆ ಸಾಮಾನ್ಯವಾಗಿ ಸಿಗೋದು ರೈಫಲ್ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಬೆಳೆ ಕಾಯೋಕೆ ಮೊದಲ ಆಯ್ಕೆ ಬಾಯಿಂದ ಮದ್ದು ತುಂಬುವ ಕೋವಿ, ಅಂದ್ರೆ ನಮ್ಮ ಕೇಪಿನ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಒಳಗೆ ಗೆರೆ ಇಲ್ಲದ ನಯ ನಳಿಗೆಯ ತೋಟಾ ಕೋವಿ ಕೊಡಬಹುದು. ನಮ್ಮ ಕಡೆ ಹೆಚ್ಚು ಕಾಣೋದು ಈ ಒಂಟಿ ನಳಿಗೆ, ಜೋಡಿ ನಳಿಗೆಯ 12 ಬೋರ್ ಕೋವಿಗಳೇ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ವಿನಾಯಿತಿ ಇದ್ದವರ ಕೋವಿ ಕೆಟ್ಟರೂ ಕಥೆ ಇದೇ.

ಕೈಕೊಡೋದು ಯಾಕೆ?

ತೋಟಾ ಕೋವಿ ಕೆಲಸ ಮಾಡೋ ರೀತಿ ಸರಳ. ಟ್ರಿಗರ್ ಎಳೆದಾಗ ಸ್ಪ್ರಿಂಗಿನ ಬಲದಿಂದ ಪಿನ್ನು ಮುಂದೆ ನುಗ್ಗಿ ತೋಟೆಯ ಹಿಂಬದಿ ಇರೋ ಕೇಪಿಗೆ ಬಡೀತದೆ. ಕೇಪು ಕಿಡಿ ಕೊಟ್ಟು ಮದ್ದು ಹೊತ್ತಿಕೊಳ್ತದೆ. ಇದರಲ್ಲಿ ಯಾವ ಒಂದು ಕೊಂಡಿ ಸಡಿಲವಾದರೂ 'ಟಿಕ್' ಅಷ್ಟೇ.

ಹೊಸ ಕೋವಿಯಲ್ಲಿ ಸಾಮಾನ್ಯವಾಗಿ ಬರೋ ತೊಂದರೆಗಳು ಇವು. ಪಿನ್ನು ಗಿಡ್ಡ ಆಗಿರಬಹುದು ಅಥವಾ ಮೆತ್ತಗಿನ ಕಬ್ಬಿಣದ್ದಾಗಿರಬಹುದು. ಸ್ಪ್ರಿಂಗ್ ಸೊರಗಿರಬಹುದು. ಫ್ಯಾಕ್ಟರಿಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಗ್ರೀಸ್ ಒಳಗೇ ಗಟ್ಟಿಯಾಗಿ ಪಿನ್ನಿನ ಓಟ ತಡೆದಿರಬಹುದು. ತೋಟೆ ಕೂರೋ ಜಾಗ ಒರಟಾಗಿದ್ದರೆ ಹಾರಿದ ತೋಟೆ ಒಳಗೇ ಸಿಕ್ಕಿಕೊಳ್ತದೆ. ನಳಿಗೆ ಮತ್ತು ಹಿಂಭಾಗ ಸೇರೋ ಕಡೆ ಸಡಿಲ ಇದ್ದರೆ ಪಿನ್ನು ಸರಿಯಾಗಿ ತಾಗೋದೇ ಇಲ್ಲ. ಈ ಕೊನೆಯದ್ದು ಅಪಾಯದ ವಿಷಯ, ಯಾಕಂದ್ರೆ ಬೆಂಕಿ ಹಿಂದಕ್ಕೆ, ಅಂದ್ರೆ ಮುಖದ ಕಡೆಗೇ ಬರಬಹುದು.

ತಪ್ಪು ತೋಟೆಯದ್ದೋ ಕೋವಿಯದ್ದೋ ಅಂತ ತಿಳಿಯೋಕೆ ಒಂದು ದಾರಿ ಇದೆ. ಹಾರದ ತೋಟೆಯ ಕೇಪಿನ ಮೇಲಿರೋ ಗುಳಿ ನೋಡಿ. ಗುಳಿ ಆಳವಾಗಿ, ನಡುಮಧ್ಯೆ ಬಿದ್ದಿದ್ದರೂ ಹಾರಿಲ್ಲ ಅಂದ್ರೆ ಅನುಮಾನ ತೋಟೆಯ ಮೇಲೆ. ಗುಳಿ ಸೊಳ್ಳೆ ಕಚ್ಚಿದಷ್ಟೇ ಇದ್ದರೆ ಅಥವಾ ಒಂದು ಬದಿಗೆ ಸರಿದಿದ್ದರೆ ಅನುಮಾನ ಕೋವಿಯ ಮೇಲೆ. ಕೊಪ್ಪದ ಬೆಳೆಗಾರರ ನಾಲ್ಕೂ ತೋಟೆಗಳಲ್ಲಿ ಗುಳಿ ಇದ್ದದ್ದು ಉಗುರಲ್ಲಿ ಒತ್ತಿದಷ್ಟು.

ಹಾಗಂತ ಅಂಗಡಿಯವರು ಹೇಳಿದ ಥಂಡಿ ಮಾತು ಪೂರ್ತಿ ಸುಳ್ಳೂ ಅಲ್ಲ. ಮಳೆಗಾಲದಲ್ಲಿ ನಮ್ಮ ಮನೆಗಳ ಗೋಡೆಗೇ ಬೂಷ್ಟು ಹಿಡೀತದೆ, ತೋಟೆ ಯಾವ ಲೆಕ್ಕ. ತಗಡಿನ ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಇಡದಿದ್ದರೆ ಒಳ್ಳೆ ತೋಟೆಯೂ ಹಾಳಾಗ್ತದೆ. ಹಾಗಂತ ಒಲೆ ಅಟ್ಟದ ಮೇಲೆ ಇಡೋ ಕೆಲಸ ಮಾತ್ರ ಮಾಡಬೇಡಿ, ಅದು ಮದ್ದು.

ಉದ್ದವೂ ಮುಖ್ಯ. 12 ಬೋರ್ ತೋಟೆಗಳು 65 ಮಿಲಿಮೀಟರ್, 70 ಮಿಲಿಮೀಟರ್ ಎರಡೂ ಅಳತೆಯಲ್ಲಿ ಬರ್ತವೆ. 65ರ ಕೋವಿಗೆ 70ರ ತೋಟೆ ಹಾಕಿದರೆ ಒಳಗೆ ಕೂರ್ತದೆ, ಆದರೆ ಹಾರಿದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಮಿತಿ ಮೀರ್ತದೆ. ನಳಿಗೆ ಮೇಲೆ ಒತ್ತಿರೋ ಅಳತೆ ಓದದೆ ತೋಟೆ ತಗೋಬೇಡಿ.

'ಟಿಕ್' ಅಂದ ತಕ್ಷಣ ಬಿಚ್ಚಬೇಡಿ

ಇದನ್ನ ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಕೆಲವು ಸಲ ಕೇಪು ಹೊತ್ತಿಕೊಂಡಿರ್ತದೆ, ಮದ್ದಿಗೆ ಬೆಂಕಿ ತಲುಪೋದು ತಡ ಆಗಿರ್ತದೆ. 'ಟಿಕ್' ಅಂತು ಅಂತ ಕೂಡಲೇ ಕೋವಿ ಮುರಿದು ಇಣುಕಿದರೆ ತೋಟೆ ಮುಖದ ಎದುರೇ ಸಿಡೀಬಹುದು. ನಳಿಗೆಯನ್ನ ಯಾರೂ ಇಲ್ಲದ ದಿಕ್ಕಿಗೆ ಹಾಗೇ ಹಿಡಿದು ಒಂದು ನಿಮಿಷ ಕಾಯಿರಿ. ಆಮೇಲೆ ಮುಖ ದೂರ ಇಟ್ಟು ಬಿಚ್ಚಿ. ಸದ್ದು ಸಣ್ಣದಾಗಿ 'ಟುಸ್' ಅಂತ ಬಂದಿದ್ದರೆ ಇನ್ನೊಂದು ತೋಟೆ ಹಾಕೋ ಮೊದಲು ನಳಿಗೆಯೊಳಗೆ ಏನಾದರೂ ಉಳಿದಿದೆಯಾ ನೋಡಲೇಬೇಕು. ಅಡ್ಡ ಸಿಕ್ಕಿಕೊಂಡಿದ್ದರೆ ಮುಂದಿನ ಈಡಿಗೆ ನಳಿಗೆ ಸೀಳ್ತದೆ.

ಹಾರದ ತೋಟೆ ಬಿಚ್ಚಿ ಮದ್ದು, ಚರೆ ತೆಗೆಯೋ ಸಾಹಸವೂ ಬೇಡ.

ವಾಪಸ್ ಕೊಡೋದು ಯಾಕೆ ಕಷ್ಟ?

ನಮ್ಮ ಪೇಟೆಯ ಯಾವುದೇ ಅಂಗಡಿಯಲ್ಲಿ ವ್ಯಾಪಾರ ಅಂದ್ರೆ ಕೊಡೋದು, ತಗೊಳ್ಳೋದು, ಹಾಳಾಗಿದ್ದರೆ ಬದಲಾಯಿಸೋದು. ಕೋವಿ ವ್ಯಾಪಾರ ಹಾಗಿಲ್ಲ. ಪ್ರತಿ ಕೋವಿಯ ಮೇಲೆ ತಯಾರಕರ ಗುರುತು, ನಂಬರ್ ಇರಲೇಬೇಕು. ಆ ನಂಬರ್ ನಿಮ್ಮ ಲೈಸೆನ್ಸಿನಲ್ಲಿ ನಮೂದಾಗ್ತದೆ. ಬೇರೆ ಕೋವಿ ಕೊಟ್ಟರೆ ಬೇರೆ ನಂಬರ್, ಬೇರೆ ನಮೂದು, ಮತ್ತೆ ಆಫೀಸು, ಮತ್ತೆ ಸ್ಟೇಷನ್. ಕೌಂಟರ್ ಮೇಲೆ ಇಟ್ಟು "ಇದು ಬೇಡ, ಅದು ಕೊಡಿ" ಅನ್ನೋ ಮಾತೇ ಇಲ್ಲ.

ಎರಡನೇದು, ಹೊಡೆದು ನೋಡಿ ತಗೊಳ್ಳೋಕೆ ಬಹುತೇಕ ಕಡೆ ಜಾಗ ಇಲ್ಲ. ಪೇಟೆ ಮಧ್ಯದ ಅಂಗಡಿಯಲ್ಲಿ ಈಡು ಹೊಡೆಯೋಕೆ ಆಗ್ತದಾ? ಮೊದಲ ಈಡು ನಮ್ಮ ತೋಟದಲ್ಲೇ, ಕತ್ತಲಲ್ಲೇ.

ಮೂರನೇದು ತೋಟೆಯ ಲೆಕ್ಕ. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ತಗೋಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರ್ತಾರೆ. ಇರೋ ತೋಟೆಯಲ್ಲಿ ಪರೀಕ್ಷೆಗೆ ಅಂತ ಹತ್ತಿಪ್ಪತ್ತು ಖರ್ಚು ಮಾಡೋಕೆ ಯಾರಿಗೆ ಮನಸ್ಸು ಬರ್ತದೆ? ಹಾಗಾಗಿ ದೋಷ ಗೊತ್ತಾಗೋದೇ ತಡ, ಹಂದಿ ಎದುರು ನಿಂತಾಗ.

ಒಟ್ಟಿನಲ್ಲಿ ಕೊಳ್ಳುವವನ ಮೇಲೆ ಹೆಜ್ಜೆ ಹೆಜ್ಜೆಗೂ ಕಾನೂನಿನ ಕಣ್ಣಿದೆ. ಅದು ಇರಬೇಕಾದ್ದೇ, ಕೋವಿ ಆಟದ ಸಾಮಾನಲ್ಲ. ಆದರೆ ಕೊಟ್ಟ ವಸ್ತು ಸರಿ ಇದೆಯಾ ಅಂತ ನಮ್ಮ ಜಿಲ್ಲೆಯಲ್ಲಿ ನೋಡೋರು ಯಾರೂ ಇಲ್ಲ. ಲೈಸೆನ್ಸ್ ಪರಿಶೀಲನೆಗೆ ಬರೋ ಪೊಲೀಸರು ನಂಬರ್ ನೋಡ್ತಾರೆ, ಪಿನ್ನು ನೋಡಲ್ಲ.

ಕಮ್ಮಾರನ ಹತ್ತಿರ ಹೋದರೆ

ಇಲ್ಲೇ ಇರೋದು ದೊಡ್ಡ ಗುಂಡಿ. ಅಂಗಡಿ ದೂರ, ಕಂಪನಿ ಇನ್ನೂ ದೂರ. ಊರಲ್ಲಿ ಕಬ್ಬಿಣದ ಕೆಲಸ ಬಲ್ಲವರು ಇದ್ದೇ ಇರ್ತಾರೆ. "ಒಂದು ಪಿನ್ನು ತಾನೇ, ಉಜ್ಜಿ ಹಾಕಿ ಕೊಡ್ತೀನಿ" ಅಂತಾರೆ. ಕೆಲಸವೂ ಚೆನ್ನಾಗೇ ಮಾಡಬಹುದು.

ಆದರೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವ್ಯಾಪಾರವಾಗಿ ಕೋವಿ ತಯಾರಿಸೋಕೆ ಮಾತ್ರವಲ್ಲ, ರಿಪೇರಿ ಮಾಡೋಕೆ, ಪರೀಕ್ಷೆ ಮಾಡೋಕೂ ಲೈಸೆನ್ಸ್ ಬೇಕು. ಅದನ್ನ ಮೀರಿದರೆ 25ನೇ ಸೆಕ್ಷನ್. 2019ರ ತಿದ್ದುಪಡಿ ಆದ ಮೇಲೆ ಅಲ್ಲಿರೋ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಅಧಿಕಾರ ಇಲ್ಲದವರ ಕೈಗೆ ಕೋವಿ ಕೊಟ್ಟಿದ್ದಕ್ಕೆ ಮಾಲೀಕನ ಮೇಲೂ 29ನೇ ಸೆಕ್ಷನ್ ಕೇಸು ಬೀಳಬಹುದು. ಒಂದು ಪಿನ್ನಿನ ಆಸೆಗೆ ಇಬ್ಬರ ಮನೆ ಹಾಳು.

ಇನ್ನೊಂದು ನಷ್ಟವೂ ಇದೆ. ಹೊರಗೆ ಬಿಚ್ಚಿಸಿದ ಕೋವಿಯನ್ನ ಅಂಗಡಿಯವರಾಗಲಿ, ಕಂಪನಿಯವರಾಗಲಿ ಮುಟ್ಟಲ್ಲ. "ನೀವೇ ಕೆಡಿಸಿದ್ದು" ಅಂದರೆ ಮುಗೀತು. ನಿಮ್ಮ ಕೈಯಲ್ಲಿದ್ದ ಸಾಕ್ಷಿ ಹೋಯ್ತು.

ಕೋವಿ ಕೈಕೊಟ್ಟ ಕಡೆ ಜನ ಬೇರೆ ದಾರಿ ಹುಡುಕೋದೂ ಇದೆ. ಬೇಲಿಗೆ ನೇರ ಕರೆಂಟ್ ಕೊಡೋದು ಅದರಲ್ಲಿ ಅತಿ ಕೆಟ್ಟದ್ದು. ಅದಕ್ಕೆ ಸಿಕ್ಕಿ ಸಾಯೋದು ಹಂದಿ ಮಾತ್ರ ಅಲ್ಲ. ಆನೆ ಸತ್ತರೆ ಜೈಲು, ಬೆಳಿಗ್ಗೆ ಸೊಪ್ಪಿಗೆ ಹೋದ ಮನುಷ್ಯ ಸತ್ತರೆ ಹೇಳೋದೇ ಬೇಡ.

ಹಾಗಾದರೆ ಮಾಡೋದೇನು?

ತಗೊಳ್ಳೋವಾಗಲೇ ಎಚ್ಚರ ಇರಲಿ. ಅವಸರ ಮಾಡಬೇಡಿ. ಲೈಸೆನ್ಸಿನಲ್ಲಿ ನಂಬರ್ ಬರೆಸೋ ಮೊದಲು ಕೋವಿಯನ್ನ ಕೈಗೆ ತಗೊಂಡು ನೋಡಿ.

ನಳಿಗೆ ಮೇಲೆ ನಂಬರ್, ಬೋರ್, ತೋಟೆಯ ಅಳತೆ, ಪ್ರೂಫ್ ಗುರುತು ಇದೆಯಾ ನೋಡಿ. ಪ್ರೂಫ್ ಅಂದ್ರೆ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆ ಹಾರಿಸಿ ನಳಿಗೆ ತಡೆಯುತ್ತೆ ಅಂತ ಖಾತ್ರಿ ಮಾಡಿದ ಮುದ್ರೆ. ಆದರೆ ಅದು ನಳಿಗೆಯ ಬಲಕ್ಕೆ ಮಾತ್ರ ಸಾಕ್ಷಿ. ಪಿನ್ನು, ಸ್ಪ್ರಿಂಗ್ ವರ್ಷಗಟ್ಟಲೆ ಬಾಳ್ತವೆ ಅನ್ನೋ ಗ್ಯಾರಂಟಿ ಅದರಲ್ಲಿ ಇಲ್ಲ.

ಕೋವಿ ಖಾಲಿ ಇರೋದನ್ನ ಖಾತ್ರಿ ಮಾಡಿಕೊಂಡು, ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ನಳಿಗೆ ಸಂದಿಯಲ್ಲಿ ಲಟಲಟ ಅಂದರೆ ಬೇಡ ಅನ್ನಿ. ಡಮ್ಮಿ ತೋಟೆ ಹಾಕಿ ಎರಡೂ ಕಡೆಯ ಟ್ರಿಗರ್ ನೋಡಿ. ಸೇಫ್ಟಿ ಹಾಕಿದಾಗ ಟ್ರಿಗರ್ ಬೀಳಬಾರದು. ನಳಿಗೆಯನ್ನ ಬೆಳಕಿಗೆ ಹಿಡಿದು ಒಳಗೆ ಗುಳಿ, ತುಕ್ಕು, ಗೀರು ಇದೆಯಾ ನೋಡಿ.

ಬಿಲ್ ಪಕ್ಕಾ ಇರಲಿ. ಕೋವಿ ನಂಬರ್, ದಿನಾಂಕ, ವಾರಂಟಿ ಎಷ್ಟು ದಿನ, ರಿಪೇರಿ ಯಾರ ಜವಾಬ್ದಾರಿ ಅಂತ ಬರೆಸಿಕೊಳ್ಳಿ. "ಬಾಯಿ ಮಾತು ಸಾಕು, ನಮ್ಮವರೇ" ಅನ್ನೋದು ಕಿರಾಣಿ ಅಂಗಡಿಯ ಸಾಲಕ್ಕೆ ಸರಿ, ಕೋವಿಗೆ ಅಲ್ಲ.

ತೊಂದರೆ ಬಂದ ಮೇಲೆ ಪ್ರತಿ ಸಲವೂ ದಿನಾಂಕ, ಯಾವ ನಳಿಗೆ, ಯಾವ ಬ್ಯಾಚಿನ ತೋಟೆ ಅಂತ ಬರೆದಿಡಿ. ಹಾರದ ತೋಟೆ ಎಸೆಯಬೇಡಿ. ಗುಳಿಯ ಫೋಟೋ ತೆಗೆದು, ತೋಟೆಯನ್ನ ಬೇರೆ ಡಬ್ಬಿಯಲ್ಲಿ ಚೀಟಿ ಹಚ್ಚಿ ಜೋಪಾನ ಇಡಿ. ಅದೂ ನಿಮ್ಮ ತೋಟೆಯ ಲೆಕ್ಕಕ್ಕೆ ಸೇರಿದ್ದೇ ಅನ್ನೋದು ನೆನಪಿರಲಿ. ಬೇರೆ ಬ್ಯಾಚಿನ ತೋಟೆಯಲ್ಲೂ ಅದೇ ತೊಂದರೆ ಬಂದರೆ ಕೋವಿಯದ್ದೇ ದೋಷ ಅನ್ನೋಕೆ ಬಲ ಬರ್ತದೆ.

ಆಮೇಲೆ ಅಂಗಡಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪತ್ರ. ಕೋವಿ ಒಪ್ಪಿಸೋವಾಗ ನಂಬರ್ ಇರೋ ರಸೀದಿ ತಗೊಳ್ಳಿ, ಸ್ಟೇಷನ್ನಿಗೂ ಒಂದು ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಕೋವಿ ನಿಮ್ಮ ಮನೆಯಲ್ಲಿ ಇಲ್ಲ ಅನ್ನೋದಕ್ಕೆ ಅದೇ ದಾಖಲೆ.

ಗ್ರಾಹಕ ಆಯೋಗ ಇದೆಯಲ್ಲ

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ: ಕೋವಿಯೂ ದುಡ್ಡು ಕೊಟ್ಟು ಕೊಂಡ ಸರಕೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯ ಆಗ್ತದೆ. ಅಂಗಡಿ ಬೆಂಗಳೂರಿನಲ್ಲಿರಲಿ, ಕಂಪನಿ ಉತ್ತರ ಭಾರತದಲ್ಲಿರಲಿ, ನೀವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಬೆಲೆ 5 ಲಕ್ಷದೊಳಗೆ ಇದ್ದರೆ ಫೀಸು ಇಲ್ಲ. ಸಮಸ್ಯೆ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಕೊಡಬೇಕು. ವಕೀಲರು ಇಲ್ಲದೇ ನೀವೇ ವಾದ ಮಾಡಬಹುದು. ದೋಷ ಕಣ್ಣಿಗೆ ಕಾಣದಂಥದ್ದಾದರೆ ವಸ್ತುವನ್ನ ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸೋ ಅಧಿಕಾರ ಆಯೋಗಕ್ಕಿದೆ. ಹೊರಗೆ ಬಿಚ್ಚಿಸಬೇಡಿ ಅಂದದ್ದು ಇದಕ್ಕೇ. ದೂರು ಕೊಡೋ ಮೊದಲು ಮಾಹಿತಿ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಜಿಲ್ಲಾಡಳಿತ ಮಾಡಬಹುದಾದ್ದು

ಇಡೀ ಹೊರೆ ಬೆಳೆಗಾರನ ಮೇಲೆ ಹಾಕಿದರೆ ಸಾಲದು. ಚುನಾವಣೆ ಬಂತು ಅಂದ್ರೆ ಕೋವಿ ಠಾಣೆಯಲ್ಲಿ ಡಿಪಾಸಿಟ್ ಇಡಿ ಅಂತ ಆದೇಶ ಬರ್ತದೆ. ಯಾರ ಕೋವಿ ಇಡಬೇಕು, ಯಾರಿಗೆ ವಿನಾಯಿತಿ ಅಂತ ನೋಡೋಕೆ ಸ್ಕ್ರೀನಿಂಗ್ ಕಮಿಟಿ ಇದೆ. ಆದರೂ ಬೆಳೆ ಕಾಯೋರು ಪ್ರತಿ ಸಲ ಅರ್ಜಿ ಹಿಡಿದು ಓಡಾಡೋದು ತಪ್ಪಿಲ್ಲ. ವಾರಗಟ್ಟಲೆ ಎಣ್ಣೆ ಕಾಣದೆ ನಿಂತ ಕೋವಿ ತುಕ್ಕು ಹಿಡಿದು ಬಂದರೆ ಕೇಳೋದು ಯಾರನ್ನ? ಅಂಗಡಿಯವರಿಗೂ ಆಗ ಒಂದು ನೆಪ ಸಿಗ್ತದೆ. ಒಪ್ಪಿಸೋ ಮೊದಲು ಎಣ್ಣೆ ಹಚ್ಚಿ, ಕೋವಿಯ ಸ್ಥಿತಿಯನ್ನ ರಸೀದಿಯಲ್ಲಿ ಬರೆಸಿಕೊಳ್ಳಿ.

ಜಿಲ್ಲಾ ಪೊಲೀಸರು ಸಾರ್ವಜನಿಕರಿಗೆ ಬಂದೂಕು ತರಬೇತಿ ಕೊಡೋದು ನಮ್ಮ ರಾಜ್ಯದಲ್ಲಿ ನಡೀತಾನೇ ಇದೆ. ಮೈದಾನ ಇದೆ, ಕೋವಿ ಬಲ್ಲ ಸಿಬ್ಬಂದಿ ಇದ್ದಾರೆ. ಮಳೆಗಾಲಕ್ಕೆ ಮೊದಲು ಒಂದು, ಮಳೆ ನಿಂತ ಮೇಲೆ ಒಂದು, ಹೀಗೆ ವರ್ಷಕ್ಕೆ ಎರಡು ಸಲ ತಾಲ್ಲೂಕು ಮಟ್ಟದಲ್ಲಿ ಕೋವಿ ತಪಾಸಣೆ ಶಿಬಿರ ಮಾಡಬಹುದಲ್ಲ? ಲೈಸೆನ್ಸ್ ಇರೋ ರಿಪೇರಿಯವರನ್ನ ಅಲ್ಲಿಗೇ ಕರೆಸಲಿ. ಹೊಸ ಕೋವಿ ತಂದವರು ಅಲ್ಲಿ ನಾಲ್ಕು ಈಡು ಹೊಡೆದು ನೋಡಲಿ, ಆ ತೋಟೆ ಅವರ ವರ್ಷದ ಲೆಕ್ಕಕ್ಕೆ ಸೇರದಿರಲಿ. ಕೆಟ್ಟಿದ್ದರೆ ಅಲ್ಲೇ ಒಂದು ಬರಹ ಕೊಡಲಿ. ಆ ಒಂದು ಹಾಳೆ ಕಾಗದ ಕೈಯಲ್ಲಿದ್ದರೆ ಅಂಗಡಿಯವರು "ಥಂಡಿ" ಅನ್ನೋಕೆ ಆಗಲ್ಲ.

ಜಿಲ್ಲೆಯಲ್ಲಿ ರಿಪೇರಿಗೆ ಲೈಸೆನ್ಸ್ ಇರೋರು ಯಾರು, ಎಲ್ಲಿದ್ದಾರೆ ಅನ್ನೋ ಪಟ್ಟಿಯನ್ನ ಪ್ರತಿ ಠಾಣೆಯ ಬೋರ್ಡಿನಲ್ಲಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗೀತದೆ. ಇದಕ್ಕೆ ಹೊಸ ಕಾನೂನು ಬೇಡ, ಒಂದು ಪ್ರಿಂಟೌಟ್ ಸಾಕು.

ಇದು ಬೆಳೆಗಾರರ ವಿಷಯ, ನಮಗೇನು ಅಂತ ಪೇಟೆಯವರು ಅಂದುಕೊಳ್ಳಬಾರದು. ಗದ್ದೆ ಹಂದಿ ಪಾಲಾದ ವರ್ಷ ಗೊಬ್ಬರದ ಅಂಗಡಿಯ ಸಾಲ ತೀರಲ್ಲ, ಬಟ್ಟೆ ಅಂಗಡಿಗೆ ದೀಪಾವಳಿ ವ್ಯಾಪಾರ ಇರಲ್ಲ. ಕೊಪ್ಪದ ಆ ಬೆಳೆಗಾರರು ಈಗ ಬಿಲ್, ಹಾರದ ನಾಲ್ಕು ತೋಟೆ, ಗುಳಿಯ ಫೋಟೋ ಎಲ್ಲ ಒಟ್ಟು ಮಾಡಿದ್ದಾರೆ. ಅಂಗಡಿಗೆ ಪತ್ರ ಹೋಗಿದೆ. ಉತ್ತರ ಬರದಿದ್ದರೆ ಆಯೋಗಕ್ಕೆ ಹೋಗ್ತೀನಿ ಅಂದಿದ್ದಾರೆ. ಇದೇ ತೊಂದರೆ ಇರೋರು ಸುಮ್ಮನೆ ಕೋವಿಯನ್ನ ಬೀರುವಿಗೆ ಸೇರಿಸೋ ಬದಲು ಇಷ್ಟಾದರೂ ಮಾಡಿ. ಅಲ್ಲಿವರೆಗೆ ಕೆಟ್ಟ ಕೋವಿಯನ್ನ ಯಾರೂ ಕೈಗೆತ್ತಿಕೊಳ್ಳಬೇಡಿ.